ಭರಣಿ ಮಳೆಗೆ ಮುಂಚೆ ಮನೇಲಿ ನಾವೇ ಮಾಡ್ಕೋಬಹುದಾದ ಕೆಲಸ ಯಾವ್ಯಾವ್ದು? ತಾರಸಿ ಮೊದಲೋ, ಸಂಪ್ ಮೊದಲೋ?

ಕ್ಯಾತ್ಸಂದ್ರ ನಿವಾಸಿ
ಎಲ್ರಿಗೂ ನಮಸ್ಕಾರ. ಯುಗಾದಿ ಮುಗೀತು, ಬಿಸಿಲು ಏರ್ತಾ ಇದೆ, ಮಳೆ ಶುರುವಾಗೋಕೆ ಮುಂಚೆ ಮನೆ ಕೆಲಸ ಒಂದಷ್ಟು ಮುಗಿಸ್ಬೇಕು ಅಂತಿದೀನಿ. ನಮ್ಮದು ತುಮಕೂರಲ್ಲಿ 30-40 ಸೈಟು, ಕೆಳಗೆ ಮನೆ, ಮೇಲೆ ಒಂದು ರೂಮು. ತಾರಸೀಲಿ ಪ್ಯಾರಾಪೆಟ್ ಬುಡದುದ್ದಕ್ಕೂ ಸಣ್ಣ ಬಿರುಕು ಬಿಟ್ಟಿದೆ, ಹೋದ ಮಳೆಗಾಲದಲ್ಲಿ ಹಾಲ್ ಮೂಲೇಲಿ ಸೀಲಿಂಗ್ ಒದ್ದೆಯಾಗಿ ಪೇಂಟ್ ಉದುರ್ತು. ಮೇಲಿನ ರೂಮಲ್ಲಿ ರಾತ್ರಿ ಹತ್ತಾದ್ರೂ ಫ್ಯಾನ್ ಬಿಸಿ ಗಾಳೀನೇ ಹೊಡೀತದೆ. ಸಂಪ್ ತೊಳೆದು ತುಂಬಾ ದಿನ ಆಯ್ತು. ಕಿಟಕಿ ಗ್ರಿಲ್ ಎಲ್ಲಾ ತುಕ್ಕು. ಹಿತ್ತಲಲ್ಲಿ ಕರಿಬೇವು, ನಿಂಬೆ, ಎರಡು ಸಣ್ಣ ತೆಂಗು, ತಾರಸಿ ಮೇಲೆ ಒಂದಷ್ಟು ಕುಂಡ, ಎಲ್ಲವೂ ಬಾಡ್ತಿವೆ.

ತಾರಸಿಗೆ ಒಬ್ರು ಕಂಟ್ರಾಕ್ಟರನ್ನ ಕರೆಸಿ ತೋರಿಸ್ದೆ, ಅವರು ಬಿರುಕು ಬಗ್ಗಿ ನೋಡ್ಲೇ ಇಲ್ಲ, ನಿಂತಲ್ಲೇ ಮೊಬೈಲಲ್ಲಿ ಲೆಕ್ಕ ಹಾಕಿ ಪೂರ್ತಿ ತಾರಸಿಗೆ ಕೋಟಿಂಗ್ ಹೊಡೀಬೇಕು ಅಂದ್ಬಿಟ್ರು. ಅಷ್ಟು ದುಡ್ಡು ಈಗ ಕೈಲಿಲ್ಲ. ಭಾನುವಾರ ಭಾನುವಾರ ನಾನೂ ನಮ್ಮನೆಯವರೂ ಸೇರಿ ಮಾಡ್ಕೊಳ್ಳೋ ಹಾಗಿದ್ರೆ ಯಾವುದು ಮೊದಲು, ಯಾವುದು ಆಮೇಲೆ, ಯಾವುದಕ್ಕೆ ಕೈ ಹಾಕ್ಲೇಬಾರ್ದು? ಮಾಡಿ ಅನುಭವ ಇರೋರು ಹೇಳಿ.

ಮಧುಗಿರಿ ಮೇಷ್ಟ್ರು
ತಾರಸಿ ಮೊದಲು. ಎರಡನೇ ಮಾತೇ ಇಲ್ಲ. ಏಪ್ರಿಲ್ ಮಧ್ಯಕ್ಕೆ ಅಶ್ವಿನಿ ಮಳೆ ಕೂಡುತ್ತೆ, ತಿಂಗಳ ಕೊನೆಗೆ ಭರಣಿ. ನಮ್ಮ ಕಡೆ ಬೇಸಿಗೆ ಮಳೆ ಅಂದ್ರೆ ಗಾಳಿ ಗುಡುಗು ಸಮೇತ ಒಂದೇ ಗಂಟೇಲಿ ಸುರಿದು ಹೋಗೋದು, ಬಿರುಕಿದ್ರೆ ಅಷ್ಟೇ ಸಾಕು. ಸಿಮೆಂಟ್ ಕೆಲಸ ಮಾಡಿದ್ಮೇಲೆ ನೀರು ಕುಡಿಸಿ, ಆಮೇಲೆ ಒಣಗೋಕೂ ಬಿಡ್ಬೇಕಲ್ಲ, ಹಾಗಾಗಿ ಈಗ ಇರೋ ಟೈಮೇ ಕಮ್ಮಿ.

ಬಂಗಾರಪೇಟೆ ಪ್ಯಾಸೆಂಜರ್
ಸುಣ್ಣ ಹೊಡೀರಿ ಅಣ್ಣ, ಮುಗೀತು. ಬಿಸಿಲೂ ಕಮ್ಮಿ, ಸೋರೋದೂ ನಿಲ್ಲುತ್ತೆ, ಖರ್ಚೂ ಇಲ್ಲ.

ಚಿಂತಾಮಣಿ ಸಿವಿಲ್
@ಬಂಗಾರಪೇಟೆ ಪ್ಯಾಸೆಂಜರ್ ಬಿಸಿಲು ಕಮ್ಮಿ ಆಗುತ್ತೆ, ಒಪ್ತೀನಿ. ಸೋರೋದು ಸುಣ್ಣಕ್ಕೆ ನಿಲ್ಲಲ್ಲ. ದಯವಿಟ್ಟು ಎರಡನ್ನೂ ಕಲಸಿ ಹೇಳ್ಬೇಡಿ, ಜನ ನಂಬಿ ಸುಣ್ಣ ಹೊಡೆದು ಸುಮ್ನಾಗ್ತಾರೆ, ಬರಬರ್ತಾ ಕಂಬಿಗೆ ತುಕ್ಕು ಹಿಡಿದು ಮೋಲ್ಡ್ (ಕಾಂಕ್ರೀಟ್ ಛಾವಣಿ) ಚಕ್ಕೆ ಚಕ್ಕೆ ಉದುರೋಕೆ ಶುರುವಾಗುತ್ತೆ. ನೀರು ಒಳಗೆ ಹೋಗೋ ದಾರಿ ಮುಚ್ಚೋದು ಒಂದು ಕೆಲಸ, ಬಿಸಿಲು ವಾಪಸ್ ಕಳ್ಸೋದು ಬೇರೇನೇ ಕೆಲಸ.

ಗೌರಿಬಿದನೂರು ಅಕ್ಕ
ಮೊದಲು ಎಲ್ಲಿಂದ ಸೋರ್ತಿದೆ ಅಂತ ಗೊತ್ತಾಗ್ಲಿ, ಆಮೇಲೆ ಸುಣ್ಣನೋ ಕೋಟಿಂಗೋ ಜಗಳ ಆಡೋಣ. ತಾರಸಿ ಚೆನ್ನಾಗಿ ಗುಡಿಸಿ. ನೀರು ಹೋಗೋ ಪೈಪಿನ ಬಾಯಿಗೆ ಬಟ್ಟೆ ಸುತ್ತಿದ ಮಣ್ಣಿನ ಮುದ್ದೆ ಗಿಡಿದು, ಎರಡು ಇಂಚು ನೀರು ನಿಲ್ಸಿ, ಒಂದು ದಿನ ಒಂದು ರಾತ್ರಿ ಬಿಡಿ. ಕೆಳಗೆ ಸೀಲಿಂಗಲ್ಲಿ ಎಲ್ಲಿ ಕಪ್ಪಾಗುತ್ತೆ ಅಂತ ಪೆನ್ಸಿಲಲ್ಲಿ ಗುರುತು ಹಾಕಿ. ಎಷ್ಟೋ ಮನೇಲಿ ಸೋರೋದು ಬಿರುಕಿಂದಲ್ಲ, ಆ ಪೈಪಿನ ಬಾಯಿ ಸುತ್ತ ಗಾರೆ ಬಿಟ್ಕೊಂಡಿರುತ್ತಲ್ಲ ಅಲ್ಲಿಂದ, ಇಲ್ಲಾಂದ್ರೆ ಟ್ಯಾಂಕ್ ಕೆಳಗಿನ ಕಟ್ಟೆಯಿಂದ.

ನೀರಿಗೆ ಕಷ್ಟ ಇರೋ ಊರಲ್ಲಿ ಇದಕ್ಕೆ ಅಷ್ಟು ನೀರು ಯಾಕೆ ಅನ್ಬೇಡಿ. ಅನುಮಾನ ಇರೋ ಜಾಗಕ್ಕೆ ಮಾತ್ರ ಜೇಡಿ ಮಣ್ಣಿನ ಬದು ಕಟ್ಟಿ ನಿಲ್ಸಿದ್ರೂ ಸಾಕು. ಆಮೇಲೆ ಅದೇ ನೀರು ಬಕೆಟಲ್ಲಿ ತುಂಬಿ ಗಿಡಕ್ಕೆ ಹಾಕಿ.

ಮಾಲೂರು ಗಾರೆ ಕೆಲಸ
ಅಕ್ಕ ಹೇಳಿದ್ದು ಸರಿ. ನಾನು ಇದೇ ಕೆಲಸದೋನು, ಬಿರುಕು ಮುಚ್ಚೋದು ಹೇಳ್ತೀನಿ ಕೇಳಿ. ಬಿರುಕಿನ ಮೇಲೆ ಸಿಮೆಂಟ್ ಹಾಲು ಸವರಿದ್ರೆ ನಿಲ್ಲಲ್ಲ, ಒಂದು ಬಿಸಿಲಿಗೆ ಮತ್ತೆ ಅದೇ ಗೆರೆ ಬಾಯಿ ಬಿಡುತ್ತೆ. ಉಳಿ ಸುತ್ತಿಗೆ ತಗೊಂಡು ಬಿರುಕಿನುದ್ದಕ್ಕೂ ಮೇಲೆ ಅಗಲ ಕೆಳಗೆ ಕಿರಿದು ಬರೋ ಹಾಗೆ ಕಾಲುವೆ ತೆಗೀರಿ, ಅರ್ಧ ಇಂಚು ಆಳ ಸಾಕು, ಜಾಸ್ತಿ ಹೊಡೆದು ಕಂಬಿ ಕಾಣೋ ಹಾಗೆ ಮಾಡ್ಬೇಡಿ. ತಂತಿ ಬ್ರಷ್ಷಲ್ಲಿ ಉಜ್ಜಿ ಧೂಳು ಪೂರ್ತಿ ತೆಗೀರಿ, ಧೂಳಿದ್ರೆ ಏನೂ ಹಿಡಿಯಲ್ಲ. ನೀರು ಚಿಮುಕ್ಸಿ ಒದ್ದೆ ಮಾಡಿ, ಅಂಗಡೀಲಿ ಸಿಗೋ ವಾಟರ್‌ಪ್ರೂಫ್ ಲಿಕ್ವಿಡ್ ಕಲಸಿದ ಗಾರೆ ಸಣ್ಣ ಕರಣೇಲಿ ಒತ್ತಿ ಒತ್ತಿ ತುಂಬಿ. ಎಷ್ಟಕ್ಕೆ ಎಷ್ಟು ಅಂತ ಡಬ್ಬದ ಮೇಲೆ ಬರ್ದಿರುತ್ತೆ, ಅದನ್ನೇ ಹಾಕಿ, ಕಣ್ಣಂದಾಜು ಬೇಡ.

ಪ್ಯಾರಾಪೆಟ್ ಬುಡದ್ದು ಬೇರೆ ಲೆಕ್ಕ. ಗೋಡೆ ಒಂದು ಕಡೆ ಎಳೆಯುತ್ತೆ, ಮೋಲ್ಡ್ ಒಂದು ಕಡೆ ಹಿಗ್ಗುತ್ತೆ, ಅಲ್ಲಿ ಬರೀ ಗೆರೆ ಮುಚ್ಚಿದ್ರೆ ಆಗಲ್ಲ. ಗೋಡೆ ತಾರಸಿ ಸೇರೋ ಮೂಲೆಗೆ ಮೂರ್ನಾಲ್ಕು ಇಂಚು ಇಳಿಜಾರಾಗಿ ಗಾರೆ ಕಟ್ಟಿ ಗುಂಡಗೆ ಮಾಡ್ಬೇಕು, ನೀರು ಅಲ್ಲಿ ನಿಲ್ಲದೆ ಜಾರಿ ಹೋಗ್ಬೇಕು. ಅದನ್ನೂ ಸಂಜೆ ನಾಲ್ಕೂವರೆ ಮೇಲೆ ಮಾಡಿ. ಮಧ್ಯಾಹ್ನ ಮೋಲ್ಡ್ ಮೇಲೆ ಕೈ ಇಡೋಕಾಗಲ್ಲ, ಆ ಬಿಸಿಗೆ ಗಾರೆ ಒಳಗಿನ ನೀರು ಹಾರಿ ಹೋಗುತ್ತೆ, ಗಟ್ಟಿಯಾಗೋ ಮುಂಚೇನೇ ಒಣಗಿ ಬಿರಿಯುತ್ತೆ. ಮುಗಿಸಿ ಮಾರನೇ ದಿನದಿಂದ ಗೋಣಿಚೀಲ ಹೊದಿಸಿ ಕಮ್ಮಿ ಅಂದ್ರೆ 7 ದಿನ ಒದ್ದೆ ಇಡಿ. ಕೆಲಸ ಚೆನ್ನಾಗಿ ಮಾಡಿ ನೀರು ಕುಡಿಸ್ದೆ ಕೆಡಿಸ್ಕೊಳ್ಳೋರೇ ಜಾಸ್ತಿ.

ಕ್ಯಾತ್ಸಂದ್ರ ನಿವಾಸಿ
@ಮಾಲೂರು ಗಾರೆ ಕೆಲಸ ತುಂಬಾ ಥ್ಯಾಂಕ್ಸ್ ಅಣ್ಣ. ಇದರ ಮೇಲೆ ಕೋಟಿಂಗ್ ಬೇಕೇ ಬೇಕಾ?

ಮಾಲೂರು ಗಾರೆ ಕೆಲಸ
ನೀರು ನಿಲ್ಸಿ ನೋಡಿ, ಸೋರ್ಲಿಲ್ಲ ಅಂದ್ರೆ ಈ ವರ್ಷಕ್ಕೆ ಬೇಡ. ದುಡ್ಡಾದಾಗ ಹೊಡೆಸಿ.

ಚಿಂತಾಮಣಿ ಸಿವಿಲ್
ಇಲ್ಲಿ ನನ್ನದು ತಕರಾರಿದೆ. ಹದಿನೈದು ಇಪ್ಪತ್ತು ವರ್ಷದ ಮೋಲ್ಡಲ್ಲಿ ಕಣ್ಣಿಗೆ ಕಾಣೋ ಬಿರುಕು ನಾಲ್ಕಿದ್ರೆ ಕಾಣದ್ದು ನಲವತ್ತಿರುತ್ತೆ. ಪೂರ್ತಿ ಬೇಡ, ಪ್ಯಾರಾಪೆಟ್ ಬುಡ, ಪೈಪಿನ ಬಾಯಿ, ಟ್ಯಾಂಕ್ ಕಟ್ಟೆ ಸುತ್ತ ಒಂದೊಂದು ಅಡಿ ಅಗಲಕ್ಕೆ ಅಕ್ರಿಲಿಕ್ ಕೋಟಿಂಗ್ ಹೊಡ್ಕೊಳ್ಳಿ, ಮಧ್ಯ ಫೈಬರ್ ಮೆಶ್ ಪಟ್ಟಿ ಇಟ್ಟು. ಅದಕ್ಕೆ ಸಣ್ಣ ಡಬ್ಬ ಸಾಕಾಗುತ್ತೆ. ಮೊದಲನೇ ಕೋಟು ಉದ್ದುದ್ದ ಎಳೆದ್ರೆ ಎರಡನೇದು ಅಡ್ಡಡ್ಡ ಎಳೀರಿ, ಬಿಟ್ಟ ಜಾಗ ಮುಚ್ಕೊಳುತ್ತೆ. ಹೊಸ ಗಾರೆ ನೀರು ಕುಡಿದು, ಪೂರ್ತಿ ಒಣಗಿದ ಮೇಲೇ ಹೊಡೀಬೇಕು, ಒದ್ದೆ ಮೇಲೆ ಹೊಡೆದ್ರೆ ಗುಳ್ಳೆ ಏಳುತ್ತೆ. ಬೆಳಿಗ್ಗೆ ಒಂಬತ್ತರೊಳಗೆ ಇಲ್ಲಾ ಸಂಜೆ.

ಮಾಲೂರು ಗಾರೆ ಕೆಲಸ
ಪಟ್ಟಿ ಹೊಡೆಯೋದು ಒಳ್ಳೇದೇ, ಬೇಡ ಅನ್ನಲ್ಲ. ಪೂರ್ತಿ ಹೊಡೆಸ್ಲೇಬೇಕು ಅಂತ ಹೆದರ್ಸೋದು ಬೇಡ ಅಂದೆ ಅಷ್ಟೇ.

ಮಧುಗಿರಿ ಮೇಷ್ಟ್ರು
ಸುಣ್ಣದ ವಿಷಯಕ್ಕೆ ಬರ್ತೀನಿ, ಯಾಕಂದ್ರೆ ಇದನ್ನ ಜನ ಅರ್ಧಂಬರ್ಧ ಮಾಡಿ ಸುಣ್ಣ ನಿಲ್ಲಲ್ಲ ಅಂತಾರೆ. ಸುಣ್ಣ ಗಾಳೀಲಿರೋ ಇಂಗಾಲದ ಡೈಆಕ್ಸೈಡ್ ಹೀರ್ಕೊಂಡು ಮತ್ತೆ ಸುಣ್ಣದ ಕಲ್ಲೇ ಆಗೋದು, ಹಾಗೆ ಆಗೋಕೆ ಅದು ಒದ್ದೆ ಇರ್ಬೇಕು. ಉರಿ ಬಿಸಿಲಲ್ಲಿ ಹೊಡೆದ್ರೆ ಹತ್ತು ನಿಮಿಷಕ್ಕೆ ಒಣಗಿ ಬರೀ ಪುಡಿ ಉಳಿಯುತ್ತೆ, ಕೈಗೆ ಕಾಲಿಗೆ ಮೆತ್ಕೊಳುತ್ತೆ. ಅದಕ್ಕೇ ಸಂಜೆ ತಾರಸಿಗೆ ನೀರು ಚಿಮುಕ್ಸಿ, ಮಜ್ಜಿಗೆ ಹದಕ್ಕೆ ತೆಳ್ಳಗೆ ಕಲಸಿ, ಒಂದೇ ಸಲ ದಪ್ಪಗೆ ಬಳೀದೆ ಎರಡು ಮೂರು ತೆಳು ಕೋಟು ಹೊಡೀರಿ. ರಾತ್ರಿಯೆಲ್ಲ ನೆನೆಸಿ, ತೆಳು ಬಟ್ಟೇಲಿ ಸೋಸಿ, ಸ್ವಲ್ಪ ಫೆವಿಕಾಲ್ ಸೇರಿಸಿದ್ರೆ ಹಿಡಿತ ಚೆನ್ನಾಗಿರುತ್ತೆ.

ಇನ್ನೊಂದು, ಸುಟ್ಟ ಸುಣ್ಣದ ಕಲ್ಲು ತಂದ್ರೆ ನೀರು ಹಾಕಿದ ತಕ್ಷಣ ಕೊತಕೊತ ಕುದಿಯುತ್ತೆ, ಪ್ಲಾಸ್ಟಿಕ್ ಬಕೆಟ್ ಕರಗೋ ಅಷ್ಟು ಬಿಸಿ. ಕಬ್ಬಿಣದ ಡ್ರಮ್ಮಲ್ಲಿ ಮೊದಲು ನೀರು ತುಂಬಿ, ಸುಣ್ಣನ ಸ್ವಲ್ಪ ಸ್ವಲ್ಪವಾಗಿ ಆ ನೀರಿಗೆ ಹಾಕಿ, ಬಗ್ಗಿ ನೋಡ್ಬೇಡಿ, ಮಕ್ಕಳನ್ನ ಹತ್ರ ಬಿಡ್ಬೇಡಿ. ಸುಣ್ಣ ಕಣ್ಣಿಗೆ ಹಾರಿದ್ರೆ ದೃಷ್ಟಿಗೇ ಅಪಾಯ. ಕನ್ನಡಕ, ಕೈಗವಸು ಬೇಕೇ ಬೇಕು. ಅಕಸ್ಮಾತ್ ಬಿದ್ರೆ ಉಜ್ಜದೆ ಧಾರಾಳ ನೀರಲ್ಲಿ ತೊಳೀತಾನೇ ಇದ್ದು, ಆಮೇಲೆ ಡಾಕ್ಟ್ರ ಹತ್ರ ಓಡಿ.

ಬಂಗಾರಪೇಟೆ ಪ್ಯಾಸೆಂಜರ್
ನೋಡಿದ್ರಾ, ಸುಣ್ಣ ಅಂದಾಗ ಎಲ್ರೂ ನನ್ಮೇಲೆ ಬಿದ್ರಿ. ಪಕ್ಕದ ತೆಲಂಗಾಣದಲ್ಲಿ 2023ರಲ್ಲೇ ತಾರಸಿ ತಂಪು ಮಾಡೋಕೆ ಅಂತ ಸರ್ಕಾರದ ನೀತೀನೇ ತಂದಿದಾರೆ. ಬಿಳೀ ತಾರಸಿ ಬಿಸಿಲನ್ನ ವಾಪಸ್ ಕಳ್ಸುತ್ತೆ, ಕಪ್ಪು ಪಾಚಿ ಹಿಡಿದ ಸಿಮೆಂಟ್ ತಾರಸಿ ಎಲ್ಲಾ ನುಂಗ್ಕೊಂಡು ರಾತ್ರಿಯೆಲ್ಲ ಕೆಳಗೆ ಬಿಡುತ್ತೆ. ಕ್ಯಾತ್ಸಂದ್ರದವರ ರೂಮು ರಾತ್ರಿ ಹತ್ತಾದ್ರೂ ಕಾದಿರೋದು ಅದಕ್ಕೇ.

ಚಿಂತಾಮಣಿ ಸಿವಿಲ್
ಅದನ್ನ ಯಾರೂ ಇಲ್ಲ ಅಂದಿಲ್ವಲ್ಲ ಮಾರಾಯ್ರೇ. ಬಿರುಕು ಮುಚ್ಚಿ ಆಮೇಲೆ ಸುಣ್ಣ, ಇಷ್ಟೇ ನನ್ನ ಮಾತು.

ಪಾವಗಡ ಹುಡುಗ
ನಮ್ಮ ಊರಲ್ಲಿ ಅಜ್ಜಿ ಮನೆ ಇನ್ನೂ ಮಾಳಿಗೆ ಮನೆ. ಮೇಲೆ ತೊಲೆ, ಜಂತೆ, ಅದರ ಮೇಲೆ ಮಣ್ಣು. ಪ್ರತಿ ವರ್ಷ ಮಳೆಗೆ ಮುಂಚೆ ಹೊಲದ ಕಡೆಯಿಂದ ಚೌಳು ಮಣ್ಣು ತಂದು ಮಾಳಿಗೆ ಮೇಲೆ ಹರಡಿ ತುಳಿಯೋದು. ಏನೂ ಬೆಳೀದ ಆ ಮಣ್ಣಲ್ಲಿ ಉಪ್ಪಿನಂಶ ಇರೋದ್ರಿಂದ ನೀರು ಬಿದ್ದ ತಕ್ಷಣ ಮಣ್ಣಿನ ಕಣ ಬಿಡಿ ಬಿಡಿಯಾಗಿ ಸಂದಿಯೆಲ್ಲ ಮುಚ್ಕೊಂಡ್ಬಿಡುತ್ತೆ, ನೀರು ಇಳಿಯಲ್ಲ. ಒಳಗೆ ಬೇಸಿಗೇಲಿ ಮಲಗಿದ್ರೆ ಫ್ಯಾನ್ ಬೇಡ. ಈಗ ಊರಲ್ಲಿ ಮಣ್ಣು ಹಾಕೋರೂ ಸಿಗಲ್ಲ, ರಜಕ್ಕೆ ಹೋದಾಗ ನಾನೂ ತಮ್ಮನೂ ಹಾಕ್ತೀವಿ. ಇದಕ್ಕೆ ಪ್ಲಾಸ್ಟಿಕ್ ಶೀಟ್ ಹಾಸಿ ಅಂತ ಒಬ್ರು ಹೇಳ್ತಾರೆ, ಹಾಸ್ಬಹುದಾ?

ಮಾಲೂರು ಗಾರೆ ಕೆಲಸ
ಬೇಡ ತಮ್ಮಾ. ಕೆಳಗಿಂದ ಬರೋ ತೇವ ಆರೋಕೆ ಜಾಗ ಇಲ್ದೆ ಶೀಟಿನ ಕೆಳಗೆ ನಿಂತು ಜಂತೆ ಕೊಳೆಯುತ್ತೆ. ತೊಲೆಗೆ ಗೆದ್ದಲು ಬಿದ್ದಿದ್ಯಾ ಅಂತ ಚಾಕು ತುದೀಲಿ ಚುಚ್ಚಿ ನೋಡಿ, ಟೊಳ್ಳು ಸದ್ದು ಬಂದ್ರೆ ಹೊಸ ಮಣ್ಣಿನ ಭಾರ ಹಾಕೋ ಮುಂಚೆ ಬಡಗಿ ಹತ್ರ ತೋರಿಸಿ. ವರ್ಷ ವರ್ಷ ಹೊಸ ಮಣ್ಣು ಹಾಕ್ತಾ ಹಳೇದು ತೆಗೀದೆ ಇದ್ರೆ ಭಾರ ಏರ್ತಾ ಹೋಗುತ್ತೆ, ಅದನ್ನೂ ನೋಡ್ಕೊಳ್ಳಿ.

ಶ್ರೀನಿವಾಸಪುರ ಮಾವು
ನಮ್ಮದು ಚಪ್ಪಡಿ ಕಲ್ಲಿನ ಮನೆ. ಕಲ್ಲು ಕಲ್ಲಿನ ಸಂದೀಲಿ ಸೋರುತ್ತೆ. ಪ್ರತಿ ವರ್ಷ ಸಿಮೆಂಟ್ ತುಂಬಿಸ್ತೀವಿ, ಪ್ರತಿ ವರ್ಷ ಬಿಡುತ್ತೆ.

ಮಧುಗಿರಿ ಮೇಷ್ಟ್ರು
@ಶ್ರೀನಿವಾಸಪುರ ಮಾವು ಕಲ್ಲು ಹಗಲು ಹಿಗ್ಗಿ ರಾತ್ರಿ ಕುಗ್ಗುತ್ತೆ, ಸಿಮೆಂಟ್ ಗಡುಸು, ಬಗ್ಗಲ್ಲ, ಹಾಗಾಗಿ ಸಂದಿ ಬಿಟ್ಕೊಳುತ್ತೆ. ಹಳಬರು ಅಲ್ಲಿ ಸುಣ್ಣದ ಗಾರೆ ತುಂಬ್ತಿದ್ದದ್ದು ಅದು ಸ್ವಲ್ಪ ಒಗ್ಗುತ್ತೆ ಅಂತಲೇ. ಇರೋ ಸಿಮೆಂಟ್ ಪೂರ್ತಿ ಕೆರೆದು ತೆಗೆದು ಸುಣ್ಣ ಮರಳಿನ ಗಾರೆ ತುಂಬಿಸಿ, ಇಲ್ಲಾಂದ್ರೆ ಈಗ ಸಿಗೋ ರಬ್ಬರಿನಂಥ ಸೀಲೆಂಟ್.

ಮಾಲೂರು ಮನೆಯವಳು
ಎಲ್ರೂ ತಾರಸೀನೇ ಹಿಡ್ಕೊಂಡಿದೀರ, ಸಂಪ್ ಬಗ್ಗೆ ಯಾರೂ ಮಾತಾಡ್ಲಿಲ್ಲ. ನಮ್ಮನೇಲಿ ನಾವೇ ತೊಳೀತೀವಿ. ನೀರು ಖಾಲಿಯಾಗೋ ದಿನ ನೋಡ್ಕೊಂಡು ಮೋಟ್ರಲ್ಲಿ ಎಷ್ಟಾಗುತ್ತೋ ಅಷ್ಟು ಎಳೆದು, ಉಳಿದ ಕೆಸರು ಮಗ್ಗಲ್ಲಿ ಬಕೆಟಿಗೆ ತುಂಬಿ, ಉದ್ದ ಹಿಡಿ ಬ್ರಷ್ಷಲ್ಲಿ ಗೋಡೆ ಉಜ್ಜಿ, ಬ್ಲೀಚಿಂಗ್ ಪೌಡರ್ ನೀರು ಬಳಿದು ಸ್ವಲ್ಪ ಹೊತ್ತು ಬಿಟ್ಟು ತೊಳೆದ್ರೆ ಆಯ್ತು. ಕಷ್ಟದ ಕೆಲಸ ಏನಲ್ಲ.

ಗೌರಿಬಿದನೂರು ಅಕ್ಕ
ಕಷ್ಟ ಅಲ್ಲ, ಆದ್ರೆ ಅಪಾಯ ಇದೆ, ಇಲ್ಲಿ ಓದಿ ಯಾರಾದ್ರೂ ಒಬ್ಬರೇ ಇಳೀಬಾರ್ದು ಅಂತ ಸ್ವಲ್ಪ ಜೋರಾಗೇ ಹೇಳ್ತೀನಿ. ಮುಚ್ಚಿರೋ ಸಂಪಲ್ಲಿ ಉಸಿರಾಡೋ ಗಾಳಿ ಕಮ್ಮಿ ಆಗಿರ್ಬಹುದು, ಮೇಲಿಂದ ನೋಡಿದ್ರೆ ಗೊತ್ತಾಗಲ್ಲ, ವಾಸನೇನೂ ಇರಲ್ಲ. ಇಳಿದೋರು ತಲೆ ಸುತ್ತಿ ಬೀಳ್ತಾರೆ, ಎತ್ತೋಕೆ ಅಂತ ಇನ್ನೊಬ್ರು ಇಳಿದು ಅವರೂ ಬೀಳ್ತಾರೆ. ಮುಚ್ಚಳ ತೆಗೆದು ಗಂಟೆಗಟ್ಟಲೆ ಗಾಳಿಯಾಡಕ್ಕೆ ಬಿಡಿ, ಮೇಲೆ ಒಬ್ರು ಗಟ್ಟಿ ಆಳು ನಿಂತೇ ಇರ್ಬೇಕು, ಇಳಿಯೋರ ಸೊಂಟಕ್ಕೆ ಹಗ್ಗ ಇರ್ಬೇಕು. ಒಳಗೆ ಏನೋ ಒಂಥರ ಅನ್ನಿಸಿದ ಕ್ಷಣ ಮೇಲೆ ಬನ್ನಿ. ಅಕಸ್ಮಾತ್ ಯಾರಾದ್ರೂ ಒಳಗೆ ಬಿದ್ರೆ ಹಿಂದೆ ಇಳೀದೆ 112ಕ್ಕೆ ಫೋನ್ ಮಾಡಿ. ಡೀಸೆಲ್ ಪೆಟ್ರೋಲ್ ಪಂಪನ್ನ ಸಂಪ್ ಬಾಯಿ ಹತ್ರ ಓಡಿಸ್ಲೇಬೇಡಿ, ಅದರ ಹೊಗೆ ಒಳಗೆ ಇಳಿಯುತ್ತೆ.

ಮೋಟ್ರು ಮೇನ್ ಆಫ್ ಮಾಡಿ, ಯಾರೂ ಆನ್ ಮಾಡದ ಹಾಗೆ ಫ್ಯೂಸ್ ಕೈಲಿ ಇಟ್ಕೊಳ್ಳಿ. ಬಲ್ಬಿಗೆ ವೈರ್ ಎಳೆದು ಒಳಗೆ ಇಳಿಸ್ತಾರಲ್ಲ, ಅದು ಬೇಡ, ಬ್ಯಾಟರಿ ಟಾರ್ಚ್ ಸಾಕು.

ಚಿಂತಾಮಣಿ ಸಿವಿಲ್
ಇದಕ್ಕೆ ಒಂದು ಸೇರಿಸ್ತೀನಿ. ಬ್ಲೀಚಿಂಗ್ ಪೌಡರ್ ಹಾಕಿದ ಕಡೆ ಬಾತ್ರೂಮ್ ತೊಳೆಯೋ ಆಸಿಡ್ ಹಾಕ್ಬಾರ್ದು. ಎರಡೂ ಸೇರಿದ್ರೆ ಕ್ಲೋರಿನ್ ಗ್ಯಾಸ್ ಬರುತ್ತೆ, ಸಂಪಿನಂಥ ಜಾಗದಲ್ಲಿ ಪ್ರಾಣಕ್ಕೇ ಕುತ್ತು. ಕಲೆ ಹೋಗ್ಲಿ ಅಂತ ಎರಡನ್ನೂ ಹಾಕೋರು ಇದಾರೆ. ಇನ್ನು ಪಿಟ್, ಸೆಪ್ಟಿಕ್ ಟ್ಯಾಂಕಿಗೆ ನೀವೂ ಇಳೀಬೇಡಿ, ಯಾರನ್ನೂ ಇಳಿಸ್ಬೇಡಿ. 2013ರ ಕಾಯ್ದೆ ಪ್ರಕಾರ ರಕ್ಷಣೆ ಇಲ್ದೆ ಮನುಷ್ಯರನ್ನ ಇಳ್ಸೋದು ಅಪರಾಧ. ಗಾಡಿ ಕರೆಸಿ.

ಕ್ಯಾತ್ಸಂದ್ರ ನಿವಾಸಿ
ಇದನ್ನ ನಮ್ಮನೆಯವರಿಗೆ ಓದಿ ಹೇಳ್ದೆ, ಸಂಪಿಗೆ ಮಾತ್ರ ಆಳು ಕರೆಸೋಣ ಅಂದ್ರು. ಇನ್ನೊಂದು ಕೇಳ್ಬೇಕಿತ್ತು, ತಾರಸಿ ಹೇಗೂ ಸರಿ ಮಾಡ್ತಿದೀನಿ, ಮಳೆ ನೀರನ್ನ ಸಂಪಿಗೆ ಬಿಡ್ಕೋಬಹುದಾ? ನಮ್ಮ ನಲ್ಲೀಲಿ ಬುಗುಡನಹಳ್ಳಿ ಕೆರೆ ನೀರು ಬರುತ್ತೆ, ಹೇಮಾವತಿ ಬಿಟ್ಟಾಗ ಪರವಾಗಿಲ್ಲ, ಬೇಸಿಗೇಲಿ ದಿನ ಬಿಟ್ಟು ದಿನ ಕಾಯೋ ಪಾಡು.

ಮುಳಬಾಗಿಲು ಡ್ರಮ್
ಈ ಪ್ರಶ್ನೆಗೇ ಕಾಯ್ತಿದ್ದೆ. ಲೆಕ್ಕ ಹಾಕೋಣ. ನಿಮ್ಮ ತಾರಸಿ 1000 ಚದರಡಿ ಅಂತಿಟ್ಕೊಳ್ಳಿ, ಅಂದ್ರೆ ಹತ್ರ ಹತ್ರ 93 ಚದರ ಮೀಟರ್. ಒಂದು ಮಿಲಿಮೀಟರ್ ಮಳೆಗೆ 93 ಲೀಟರ್. ಭರಣೀಲಿ ಒಂದೇ ಸಂಜೆ 20 ಮಿಲಿಮೀಟರ್ ಹೊಡೆದ್ರೆ ಸಾವಿರದ ಎಂಟುನೂರು ಲೀಟರ್ ಮೇಲೆ, ಅರ್ಧ ಟ್ಯಾಂಕರಿಗೆ ಹತ್ರ. ವರ್ಷಕ್ಕೆ 700 ಮಿಲಿಮೀಟರ್ ಅಂತ ಹಿಡಿದು, ಆವಿ ಆಗೋದು, ಮೊದಲ ಮಳೆ ಬಿಡೋದು ಎಲ್ಲಾ ಕಳೆದು ನೂರಕ್ಕೆ 80 ಸಿಕ್ರೂ 52,000 ಲೀಟರ್. ಇದನ್ನ ನಾವು ಪೈಪಲ್ಲಿ ಚರಂಡಿಗೆ ಬಿಡ್ತಿದೀವಿ, ಆಮೇಲೆ ಟ್ಯಾಂಕರಿಗೆ ಫೋನ್ ಮಾಡ್ತೀವಿ.

ಮಾಡೋದು ಸುಲಭ. ತಾರಸಿಯಿಂದ ಇಳಿಯೋ ಪಿವಿಸಿ ಪೈಪಿಗೆ ಒಂದು ಟೀ (ಮೂರು ಬಾಯಿಯ ಜಾಯಿಂಟು) ಹಾಕಿ. ಒಂದು ಕಡೆ ಕೆಳಗೆ ಉದ್ದ ಪೈಪು, ತುದಿಗೆ ಮುಚ್ಚಳ, ಮೊದಲ ಮಳೆಯ ಕೊಳೆ ನೀರು ಅದರಲ್ಲಿ ತುಂಬ್ಕೊಳುತ್ತೆ, ಅದು ತುಂಬಿದ್ಮೇಲೆ ಒಳ್ಳೇ ನೀರು ಇನ್ನೊಂದು ಕಡೆ ಹೋಗುತ್ತೆ. ಮಳೆ ನಿಂತ್ಮೇಲೆ ಮುಚ್ಚಳ ಬಿಚ್ಚಿ ಖಾಲಿ ಮಾಡಿ, ಮರೆತ್ರೆ ಮುಂದಿನ ಮಳೆಗೆ ಅದು ಕೆಲಸ ಮಾಡಲ್ಲ. ಆಮೇಲೆ ಒಂದು ಡ್ರಮ್ಮಲ್ಲಿ ತಳಕ್ಕೆ ದಪ್ಪ ಜಲ್ಲಿ, ಮೇಲೆ ಸಣ್ಣ ಜಲ್ಲಿ, ಇದ್ದಿಲು, ತೊಳೆದ ಮರಳು, ನಡುನಡುವೆ ಸೊಳ್ಳೆ ಪರದೆ. ಡ್ರಮ್ಮಿನ ತಳದಿಂದ ಸಂಪಿಗೆ ಪೈಪು. ಪೂರ್ತಿ ಭಾನುವಾರದ ಕೆಲಸ, ಪ್ಲಂಬರ್ ಬೇಡ.

ಬಂಗಾರಪೇಟೆ ಪ್ಯಾಸೆಂಜರ್
ಸುಣ್ಣ ಹೊಡೆದ ತಾರಸಿ ನೀರು ಕುಡಿಯೋಕಾಗುತ್ತಾ?

ಮುಳಬಾಗಿಲು ಡ್ರಮ್
ಸುಣ್ಣ ಚೆನ್ನಾಗಿ ಗಟ್ಟಿಯಾಗಿದ್ರೆ ತೊಂದ್ರೆ ಇಲ್ಲ, ಆದ್ರೆ ಮೊದಲ ನಾಲ್ಕೈದು ಮಳೆ ನೀರು ಪೂರ್ತಿ ಗಿಡಕ್ಕೆ, ಇಂಗುಗುಂಡಿಗೆ ಬಿಡಿ. ಪುಡಿ ಪುಡಿ ಏಳೋ ಸುಣ್ಣ ಆದ್ರೆ ಕುಡಿಯೋಕೆ ಹಿಡೀಬೇಡಿ. ಕೋಟಿಂಗ್ ಹೊಡೆದ ತಾರಸಿ ಆದ್ರೆ ಕುಡಿಯೋ ನೀರಿಗೆ ಆಗುತ್ತಾ ಅಂತ ಡಬ್ಬ ನೋಡಿ ತಗೊಳ್ಳಿ.

ನಮ್ಮ ಕೋಲಾರದ ಕಡೆ ಮಳೆ ನೀರಿಗೆ ಇನ್ನೊಂದು ಬೆಲೆ ಇದೆ. ಬೋರ್ ಆಳಕ್ಕೆ ಹೋದಷ್ಟೂ ಫ್ಲೋರೈಡು. ಲೀಟರಿಗೆ 1 ಮಿಲಿಗ್ರಾಂ ಒಳಗಿರ್ಬೇಕು, ಬೇರೆ ದಾರಿ ಇಲ್ದಿದ್ರೆ 1.5 ತನಕ ಅಂತ ಭಾರತೀಯ ಮಾನಕ. ಪಾವಗಡ, ಬಾಗೇಪಲ್ಲಿ, ನಮ್ಮ ಕಡೆ ಎಷ್ಟೋ ಬೋರಲ್ಲಿ ಅದನ್ನ ದಾಟಿದೆ, ಹಲ್ಲು ಕಂದು ಆಗಿರೋ ಮಕ್ಕಳನ್ನ ನಾವೆಲ್ಲ ನೋಡಿದೀವಿ. ಕಾಯಿಸಿ ಕುಡಿದ್ರೆ ಸರಿ ಹೋಗುತ್ತೆ ಅಂತ ಸುಮಾರು ಜನ ನಂಬಿದಾರೆ. ಹೋಗಲ್ಲ. ನೀರು ಆವಿಯಾಗಿ ಫ್ಲೋರೈಡ್ ಉಳಿಯುತ್ತೆ, ಇನ್ನೂ ಗಟ್ಟಿಯಾಗುತ್ತೆ. ಮೋಡದ ನೀರಲ್ಲಿ ಆ ತಾಪತ್ರಯ ಇಲ್ಲ, ಸೋಸಿ, ಕ್ರಿಮಿಗೆ ಕಾಯಿಸಿ ಅಡುಗೆಗೆ ಕುಡಿಯೋಕೆ ಬಳಸಿ. ಬೋರ್ ನೀರು ಬೆರೆಯೋ ಸಂಪಿಗೆ ಬಿಡ್ಬೇಡಿ, ಬೇರೆ ಮುಚ್ಚಿದ ಟ್ಯಾಂಕಲ್ಲಿ ಇಡಿ, ಬಿಸಿಲು ಬಿದ್ರೆ ಪಾಚಿ ಕಟ್ಟುತ್ತೆ.

ಶ್ರೀನಿವಾಸಪುರ ಮಾವು
2018ರಿಂದ ಕೆ.ಸಿ. ವ್ಯಾಲಿ ನೀರು ಕೆರೆಗೆ ಬರ್ತಿದ್ಯಲ್ಲ, ಬೋರಲ್ಲಿ ನೀರು ಮೇಲೆ ಬಂದಿದೆ. ಇನ್ನು ತಾರಸಿ ನೀರು ಹಿಡಿದು ಏನು?

ಮುಳಬಾಗಿಲು ಡ್ರಮ್
ಅದು ಬೆಂಗಳೂರಿನ ಕೊಳಚೆ ನೀರನ್ನ ಎರಡು ಹಂತ ಶುದ್ಧ ಮಾಡಿ ಅಂತರ್ಜಲ ತುಂಬಿಸ್ಲಿ ಅಂತ ಕೆರೆಗೆ ಬಿಡೋದು, ನೇರ ಕುಡಿಯೋಕಲ್ಲ. ಮೂರನೇ ಹಂತದ ಶುದ್ಧೀಕರಣ ಬೇಕು ಅಂತ ಇಲ್ಲಿನ ಹೋರಾಟಗಾರರು ಕೇಳ್ತಾನೇ ಇದಾರೆ, ಅದು ನ್ಯಾಯವಾದ ಬೇಡಿಕೆ. ನಮ್ಮ ತಲೆ ಮೇಲೆ ಬೀಳೋ ಶುದ್ಧ ನೀರು ಬಿಟ್ಟು ಅದನ್ನ ನೆಚ್ಕೊಳ್ಳೋದು ಯಾಕೆ?

ಶ್ರೀನಿವಾಸಪುರ ಮಾವು
ರೈತರಿಗೆ ಆ ನೀರಿಂದ ಉಪಕಾರ ಆಗಿದೆ, ಅದನ್ನ ಹೀಗೆ ತಳ್ಳಿ ಹಾಕ್ಬೇಡಿ. ನಮ್ಮ ಪಕ್ಕದ ತೋಟದ ಬಾವಿ...

ಅಡ್ಮಿನ್
ಕೆ.ಸಿ. ವ್ಯಾಲಿಗೆ ಬೇರೆ ಚರ್ಚೆ ತೆಗೆದಿದೀವಿ, ಅಲ್ಲಿ ಬನ್ನಿ. ಇಲ್ಲಿ ಮನೆ ಕೆಲಸ.

ಶಿಡ್ಲಘಟ್ಟ ರೇಷ್ಮೆ
ಗಿಡದ ವಿಷಯ ನಾನು ಹೇಳ್ತೀನಿ. ಬೇಸಿಗೇಲಿ ಗಿಡ ಸಾಯೋದು ನೀರು ಕಮ್ಮಿ ಹಾಕಿದ್ದಕ್ಕಿಂತ ಹಾಕಿದ ನೀರು ನಿಲ್ಲದೆ ಇರೋದಕ್ಕೆ. ಬುಡದ ಮಣ್ಣು ಬರಿದಾಗಿ ಬಿಸಿಲಿಗೆ ಬಿಡ್ಬೇಡಿ. ರಾಗಿ ಹುಲ್ಲು, ಕಡ್ಲೆಕಾಯಿ ಸಿಪ್ಪೆ, ಒಣಗಿದ ತರಗು, ಏನು ಸಿಗುತ್ತೋ ಅದನ್ನ ಮೂರು ಇಂಚು ಹೊದಿಸಿ. ನಮ್ಮ ಕಡೆ ಹುಳ ಮೇಯಿಸಿದ ಮೇಲೆ ಉಳಿಯೋ ಹಿಪ್ಪುನೇರಳೆ ಕಡ್ಡಿ, ಹುಳದ ಹಿಕ್ಕೆ ರಾಶಿ ಬೀಳುತ್ತೆ, ರೇಷ್ಮೆ ಸಾಕೋರನ್ನ ಕೇಳಿದ್ರೆ ಕೊಡ್ತಾರೆ. ಹಿಕ್ಕೆನ ಹಸಿಯಾಗಿ ಹಾಕ್ಬೇಡಿ, ಕಾವು ಏರುತ್ತೆ, ಕೊಳೆಸಿ ಗೊಬ್ಬರ ಮಾಡಿ ಹಾಕಿ. ಹೊದಿಕೆ ಕಾಂಡಕ್ಕೆ ತಾಗ್ಬಾರ್ದು, ನಾಲ್ಕು ಬೆರಳು ಜಾಗ ಬಿಡಿ, ಇಲ್ಲಾಂದ್ರೆ ಗೆದ್ದಲು ಹತ್ತುತ್ತೆ.

ತಿಪಟೂರು ಕೊಬ್ಬರಿ
ತೆಂಗಿಗೆ ತೆಂಗಿನಕಾಯಿ ಸಿಪ್ಪೆಗಿಂತ ಒಳ್ಳೇದಿಲ್ಲ. ಬುಡದಿಂದ ದೂರ ಸುತ್ತ ಕಾಲುವೆ ತೋಡಿ, ಸಿಪ್ಪೆಯ ಒಳಭಾಗ ಮೇಲೆ ಬರೋ ಹಾಗೆ ಜೋಡಿಸಿ ಮಣ್ಣು ಮುಚ್ಚಿ, ನೀರು ಹಿಡ್ಕೊಂಡು ನಿಧಾನಕ್ಕೆ ಕೊಡುತ್ತೆ. ಕುಂಡಕ್ಕೆ ನಾರಿನ ಪುಡಿ ಹಾಕೋರು ಒಂದು ನೆನಪಿಟ್ಕೊಳ್ಳಿ, ಹೊಸ ಪುಡೀಲಿ ಉಪ್ಪಿರುತ್ತೆ, ಎರಡು ಮೂರು ಸಲ ನೀರಲ್ಲಿ ತೊಳೆದು ಹಿಂಡಿ ಹಾಕಿ. ಎಷ್ಟೋ ಜನ ತೊಳೀದೆ ಹಾಕಿ ಎಲೆ ತುದಿ ಸುಟ್ಟಿದ್ದಕ್ಕೆ ಬಿಸಿಲನ್ನ ಬೈತಾರೆ.

ಮಾಲೂರು ಮನೆಯವಳು
ಮಡಕೆ ಹೂತು ನೀರು ಕೊಡೋದು ಯಾರೂ ಹೇಳ್ಲಿಲ್ಲ! ಬಣ್ಣ ಬಳಿಯದ ಸಾದಾ ಮಣ್ಣಿನ ಮಡಕೆ ಗಿಡದ ಪಕ್ಕ ಕತ್ತಿನ ತನಕ ಹೂತು ನೀರು ತುಂಬಿ ಮುಚ್ಚಿ. ಮಣ್ಣು ಒಣಗಿದಷ್ಟೂ ಜಿನುಗುತ್ತೆ, ಒದ್ದೆ ಇದ್ರೆ ಜಿನುಗಲ್ಲ. ಊರಿಗೆ ಹೋದಾಗ ಪಕ್ಕದ ಮನೆಯವರಿಗೆ ಗಿಡಕ್ಕೆ ನೀರು ಹಾಕಿ ಅಂತ ಹೇಳೋ ಕಷ್ಟಾನೇ ಇಲ್ಲ. ಬಾಯಿ ಮುಚ್ಚಿರ್ಲೇಬೇಕು, ಇಲ್ಲಾಂದ್ರೆ ಡೆಂಗಿ ಸೊಳ್ಳೆ ಮೊಟ್ಟೆ ಇಡುತ್ತೆ, ಅದಕ್ಕೆ ಬೇಕಾಗಿರೋದು ನಿಂತ ಶುದ್ಧ ನೀರೇ.

ಚಿಂತಾಮಣಿ ಸಿವಿಲ್
ಸೊಳ್ಳೆ ಅಂದ್ರಿ, ಕುಂಡದ ಕೆಳಗಿನ ತಟ್ಟೆ ತೆಗೀರಿ ಮೊದಲು. ತಾರಸಿಗೂ ಅದೇ ಕೇಡು. ಕುಂಡ ನೇರ ನೆಲದ ಮೇಲಿದ್ರೆ ಕೆಳಗೆ ತೇವ ಆರೋದೇ ಇಲ್ಲ, ಇಟ್ಟಿಗೆ ಚೂರು ಇಟ್ಟು ಎತ್ತರಿಸಿ. ದೊಡ್ಡ ಡ್ರಮ್ಮಲ್ಲಿ ನಿಂಬೆ, ದಾಳಿಂಬೆ ಇಡೋರು ಗೋಡೆ, ತೊಲೆ ಇರೋ ಸಾಲಿನ ಮೇಲೆ ಇಡಿ, ಮೋಲ್ಡಿನ ನಟ್ಟನಡುವೆ ಬೇಡ. ಒದ್ದೆ ಮಣ್ಣಿನ ಭಾರ ಜಾಸ್ತಿ.

ವೇಮಗಲ್ ಟೊಮ್ಯಾಟೊ
ಕೈತೋಟದಲ್ಲಿ ಟೊಮ್ಯಾಟೊ, ಬದನೆ ಗಿಡ ಇದ್ದಕ್ಕಿದ್ದಂಗೆ ಸೊರಗಿ ಸಾಯ್ತಿದ್ರೆ ಇದೇ ಸಮಯ. ಮಡಿ ಅಗೆದು ಹದ ಮಾಡಿ ಚೆನ್ನಾಗಿ ನೀರು ಕೊಟ್ಟು, ತೆಳು ಪ್ಲಾಸ್ಟಿಕ್ ಶೀಟ್ ಬಿಗಿಯಾಗಿ ಹೊದಿಸಿ, ಸುತ್ತ ಅಂಚಿಗೆ ಮಣ್ಣು ಮುಚ್ಚಿ 4ರಿಂದ 6 ವಾರ ಬಿಟ್ಬಿಡಿ. ಒಳಗೆ ಕಾವು ಏರಿ ಕಳೆ ಬೀಜ, ಬೇರು ಗಂಟಿನ ಜಂತು, ರೋಗದ ಶಿಲೀಂಧ್ರ ಸುಮಾರು ಸಾಯುತ್ತೆ. ಔಷಧಿ ಖರ್ಚಿಲ್ಲ.

ಪಾವಗಡ ಹುಡುಗ
ಕಪ್ಪು ಶೀಟಾ?

ವೇಮಗಲ್ ಟೊಮ್ಯಾಟೊ
ಅಲ್ಲ, ಆಚೆ ಈಚೆ ಕಾಣೋ ಪಾರದರ್ಶಕ ಶೀಟು. ಬಿಸಿಲು ಒಳಗೆ ಮಣ್ಣಿನ ತನಕ ಹೋಗ್ಬೇಕು. ಕಪ್ಪದ್ದು ತಾನೇ ಕಾದು ನಿಲ್ಲುತ್ತೆ, ಮಣ್ಣಿನ ಆಳಕ್ಕೆ ಅಷ್ಟು ಕಾವು ಇಳಿಯಲ್ಲ.

ಕ್ಯಾತ್ಸಂದ್ರ ನಿವಾಸಿ
ಇಷ್ಟೊಂದು ಸಿಗುತ್ತೆ ಅಂತ ಅಂದ್ಕೊಂಡಿರ್ಲಿಲ್ಲ. ನಿನ್ನೆ ತಾರಸಿಗೆ ನೀರು ನಿಲ್ಸಿದ್ದೆ, ಅಕ್ಕ ಹೇಳಿದ್ದೇ ನಿಜ, ಸೀಲಿಂಗ್ ಕಪ್ಪಾಗಿದ್ದು ಪೈಪಿನ ಬಾಯಿ ಕೆಳಗೆ. ಗಾರೆ ಕೆರೆದ್ರೆ ಪೂರ್ತಿ ಟೊಳ್ಳು, ಬೆರಳೇ ಒಳಗೆ ಹೋಗುತ್ತೆ. ಗ್ರಿಲ್ ಬಗ್ಗೆ ಯಾರಾದ್ರೂ ಹೇಳಿ, ಮಳೆ ಮುಗಿದ್ಮೇಲೆ ಪೇಂಟ್ ಮಾಡ್ಲಾ ಈಗ್ಲೇ ಮಾಡ್ಲಾ?

ಮಾಲೂರು ಗಾರೆ ಕೆಲಸ
ಪೈಪ್ ಸುತ್ತ ಟೊಳ್ಳು ಪೂರ್ತಿ ತೆಗೀರಿ, ಪೈಪ್ ಅಲ್ಲಾಡುತ್ತಾ ನೋಡಿ. ಅಲ್ಲಾಡಿದ್ರೆ ಮೊದಲು ಪೈಪ್ ಗಟ್ಟಿ ಕೂರಿಸಿ. ಪಿವಿಸಿ ನುಣ್ಣಗಿರುತ್ತೆ, ಗಾರೆ ಹಿಡಿಯಲ್ಲ, ಪೈಪಿನ ಹೊರಮೈನ ಮರಳು ಕಾಗದದಲ್ಲಿ ಉಜ್ಜಿ ಒರಟು ಮಾಡಿ ಆಮೇಲೆ ತುಂಬಿ.

ಗೌರಿಬಿದನೂರು ಅಕ್ಕ
ಗ್ರಿಲ್ ಈಗ್ಲೇ ಮಾಡಿ. ತುಕ್ಕಿನ ಮೇಲೆ ಪೇಂಟ್ ಬಳಿದ್ರೆ ಒಳಗೆ ತಿನ್ನುತ್ತಾ ಹೋಗುತ್ತೆ. ತಂತಿ ಬ್ರಷ್, ಮರಳು ಕಾಗದ ಹಾಕಿ ಕಬ್ಬಿಣ ಕಾಣೋ ತನಕ ಉಜ್ಜಿ, ಒಣ ಬಟ್ಟೇಲಿ ಒರೆಸಿ ಅವತ್ತೇ ರೆಡ್ ಆಕ್ಸೈಡ್ ಪ್ರೈಮರ್ ಒಂದು ಕೋಟು, ಒಣಗಿದ್ಮೇಲೆ ಪೇಂಟ್ ಎರಡು ಕೋಟು. ಕಿಟಕಿ ಚೌಕಟ್ಟಿಗೆ ಗ್ರಿಲ್ ಸೇರೋ ತಳದಲ್ಲಿ ನೀರು ನಿಲ್ಲುತ್ತೆ, ತುಕ್ಕು ಶುರುವಾಗೋದೇ ಅಲ್ಲಿ, ಸಣ್ಣ ಬ್ರಷ್ ತಗೊಂಡು ಅಲ್ಲಿ ನಿಧಾನಕ್ಕೆ ಬಳೀರಿ. ಮೋಡ ಆಗಿರೋ ಸಂಜೆ ಬೇಡ, ಬೆಳಿಗ್ಗೆ ಶುರು ಮಾಡಿ. ಹಳೇ ಪೇಂಟ್ ಉಜ್ಜುವಾಗ ಮೂಗಿಗೆ ಮಾಸ್ಕ್ ಹಾಕ್ಕೊಳ್ಳಿ, ಹಳೇ ಪೇಂಟಲ್ಲಿ ಸೀಸ ಇರೋ ಸಾಧ್ಯತೆ ಇದೆ, ಆ ಪುಡೀನ ಗುಡಿಸಿ ಗಿಡದ ಬುಡಕ್ಕೆ ಹಾಕ್ಬೇಡಿ.